ಪೌಡರ್ ಹಚ್ಚಿಕೊಂಡು ಬರಬಾರದು

ಮ್ಯಾಮೊಗ್ರಾಂ ಮಾಡಿಸಿಕೊಳ್ಳುವ ಅಪಾಯಿಂಟ್‌ಮೆಂಟನ್ನು ನಾನು ನಾಲ್ಕು ಸಲ ತಪ್ಪಿಸಿದ್ದೆ. ನಾಲ್ಕಕ್ಕೂ ಒಳ್ಳೊಳ್ಳೆಯ ಕಾರಣಗಳಿದ್ದವು. ಮೊದಲ ಸಲ ಮನೆಗೆ ಬಣ್ಣ ಹಚ್ಚಿಸುವುದಿತ್ತು. ಎರಡನೆಯ ಸಲ ಕಲಬುರಗಿಯಿಂದ ನೆಂಟರು ಬರುವವರಿದ್ದರು. ಅವರು ಬರಲಿಲ್ಲ, ಆದರೆ ಬರುವವರಿದ್ದದ್ದು ನಿಜ. ಮೂರನೆಯ ಸಲ ಉಪ್ಪಿನಕಾಯಿಗೆ ಮಾವಿನಕಾಯಿ ತಂದಾಗಿತ್ತು. ಮಾವಿನಕಾಯಿ ಯಾರ ಅಪಾಯಿಂಟ್‌ಮೆಂಟಿಗೂ ಕಾಯುವುದಿಲ್ಲ. ನಾಲ್ಕನೆಯ ಸಲ ಡಯಾಗ್ನಸ್ಟಿಕ್ ಸೆಂಟರಿನ ಹುಡುಗಿಯೇ ಫೋನ್ ಮಾಡಿ, ನನ್ನ ಹೆಸರು ವಯಸ್ಸು ಎಲ್ಲ ಬರೆದುಕೊಂಡು, "ಮೀ ಇಂಟ್ಲೋ ಇಂತಕು ಮುಂದು ಎವರಿಕೈನಾ ಉಂದಾ ಮೇಡಂ? ಅಮ್ಮಕಿ, ಅಕ್ಕಕಿ?" ಎಂದು, ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಯಾರಿಗಾದರೂ ಈ ಮೊದಲು ಎದೆಯ ಕಾಯಿಲೆ ಇತ್ತೇ ಎಂದು, ಕೇಳಿದಳು. ಕುಕ್ಕರ್ ಕೂಗುತ್ತಿದೆ ಎಂದು ಹೇಳಿ ಫೋನ್ ಇಟ್ಟೆ. ಒಲೆಯ ಮೇಲೆ ಕುಕ್ಕರ್ ಇರಲೇ ಇಲ್ಲ.

ಇತ್ತು. ಅಮ್ಮನಿಗೇ ಇತ್ತು. ನನ್ನ ಅವ್ವ ಎದೆಯ ಗಂಟಿನಿಂದ ಹೋದಾಗ ಅವಳಿಗೆ ನಲವತ್ತನಾಲ್ಕು, ನನಗೆ ಇಪ್ಪತ್ತು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಡಾಕ್ಟರು ತಲೆ ಅಲ್ಲಾಡಿಸಿದ್ದರು. ಸೆರಗಿನ ಮರೆಯಲ್ಲಿ ಅದನ್ನು ಎಷ್ಟು ದಿನ ಮುಚ್ಚಿಟ್ಟಿದ್ದಳೋ ಯಾರಿಗೂ ಗೊತ್ತಿಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತ ಬಂದರು, ನಾನೂ ಹಾಗೆಯೇ ನಂಬಿದ್ದೆ. ಈಗ ನನಗೆ ಐವತ್ತೊಂದು. ಅವ್ವನಿಗಿಂತ ನಾನೇ ಹಿರಿಯಳು. ಕಚೇರಿಯಲ್ಲಿ ಒಂದು ಫೈಲು ಎರಡು ದಿನ ಮೇಜಿನ ಮೇಲೆ ಬಿದ್ದಿದ್ದರೆ ಇಡೀ ಸೆಕ್ಷನ್ ನಡುಗುವಂತೆ ಕೂಗುವವಳು ನಾನು. ಮನೆಯಲ್ಲಿ ಮಾತ್ರ ಸ್ನಾನ ಮಾಡುವಾಗ ನನ್ನ ಮೈ ನಾನೇ ನೋಡಿಕೊಳ್ಳದೆ, ಗೋಡೆ ನೋಡುತ್ತ ಲಗುಬಗೆಯಿಂದ ಸೋಪು ಹಚ್ಚಿ ಹೊರಗೆ ಬರುತ್ತಿದ್ದೆ. ಹೆದರಿಕೆಗೆ ಬೇರೆ ಹೆಸರು ಯಾಕೆ, ಅದು ಹೆದರಿಕೆಯೇ.

ಐದನೆಯ ಸಲ ನನ್ನ ಅತ್ತೆ ನಡುವೆ ಬಂದರು. ಅವರು ನನ್ನ ಅಪ್ಪನ ತಂಗಿ. ಅವ್ವ ಹೋದ ಮರುವರ್ಷವೇ ತಮ್ಮ ಮಗನಿಗೆ ನನ್ನನ್ನು ತಂದುಕೊಂಡು ಅತ್ತೆಯೂ ಆದರು. ನಮ್ಮ ಕಡೆ ಸೋದರತ್ತೆ ಅತ್ತೆಯಾಗುವುದು ಹೊಸದಲ್ಲ, ಬೈಗುಳಕ್ಕೆ ಎರಡು ಕಡೆಯಿಂದ ಹಕ್ಕು ಬರುತ್ತದೆ ಅಷ್ಟೆ. ಎಪ್ಪತ್ತೆರಡು ವರ್ಷ, ಕಡ್ಡಿಯಂಥ ಮೈ, ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯ ಈ ತುದಿಯಲ್ಲಿ ಮಾತಾಡಿದರೆ ಆ ತುದಿಯ ನಾಯಿ ಎದ್ದು ನಿಲ್ಲುವಂಥ ಗಂಟಲು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಎರಡು ಹೆಸರು ಬರಿಸೇನಿ. ಒಂದು ನಂದು, ಒಂದು ನಿಂದು."

"ಎದಕ್ಕರೀ?"

"ಆ ಎದಿ ಫೋಟೋಕ್ಕ. ಮುಂದಿನ ಗುರುವಾರ. ನೀ ಬರಂಗಿಲ್ಲ ಅಂದ್ರ ನಾನೂ ಹೋಗಂಗಿಲ್ಲ. ನಾಳೆ ನನಗ ಏನರ ಆತಂದ್ರ ಅದು ನಿನ್ನ ತಲಿ ಮ್ಯಾಲ."

"ಈ ವಯಸ್ಸಿನಾಗ ನಿಮಗ ಯಾಕ ಬೇಕ್ರಿ ಅದು?"

"ಯಾಕ, ಎಪ್ಪತ್ತೆರಡಾದ್ರ ನನ್ನ ಎದಿ ಏನ ಉದುರಿ ಬಿದ್ದೈತೇನು?"

ರೊಟ್ಟಿ ಹೆಂಚಿನ ಮೇಲೆ ಕರಕಾಯಿತು.

ಅಂದಿನಿಂದ ಮನೆಯಲ್ಲಿ ತಯಾರಿ ಶುರುವಾಯಿತು. ನನ್ನ ಗಂಡ ರೈಲ್ವೆಯವರು. ತೀರ್ಥಯಾತ್ರೆಯಿರಲಿ, ತರಕಾರಿ ಮಾರ್ಕೆಟ್ ಇರಲಿ, ವೇಳಾಪಟ್ಟಿಯಿಲ್ಲದೆ ಹೊರಟವರಲ್ಲ. ಒಂದು ಹಾಳೆಯ ಮೇಲೆ ಗೆರೆ ಎಳೆದು, ಸ್ನಾನ ಆರು ಗಂಟೆ, ಪೂಜೆ ಆರೂವರೆ, ಉಪ್ಪಿಟ್ಟು ಏಳೂಕಾಲು, ಆಟೋ ಏಳು ನಲವತ್ತು, ತಾರ್ನಾಕಾದ ಸೆಂಟರ್ ತಲುಪುವುದು ಎಂಟೂಕಾಲು ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಮಧ್ಯದಲ್ಲಿ "ಅಮ್ಮನ ವಾದ: ಹತ್ತು ನಿಮಿಷ" ಎಂದೂ ಒಂದು ಸಾಲಿತ್ತು. ಅತ್ತೆ ಅದನ್ನು ಓದಿ, ಹತ್ತು ಸಾಲುವುದಿಲ್ಲ, ಇಪ್ಪತ್ತು ಮಾಡು ಎಂದರು.

ಸೆಂಟರಿನವರು ಫೋನಿಗೆ ಸೂಚನೆಗಳನ್ನು ಕಳಿಸಿದ್ದರು. ಮೇಲೊಂದು ಕೆಳಗೊಂದು ಬಿಡಿ ಬಟ್ಟೆ ಹಾಕಿಕೊಳ್ಳಬೇಕು. ಕೊರಳಲ್ಲಿ ಏನೂ ಇರಬಾರದು. ಎದೆಗೆ, ಕಂಕುಳಿಗೆ ಪೌಡರು, ಸೆಂಟು, ಕ್ರೀಮು ಹಚ್ಚಿಕೊಂಡು ಬರಬಾರದು, ಹಚ್ಚಿಕೊಂಡರೆ ಅದರ ಪುಡಿ ಫೋಟೋದಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಗೊಂದಲವಾಗುತ್ತದೆ. ಗಂಡ ಅದನ್ನು ಸ್ಟೇಷನ್ನಿನ ಅನೌನ್ಸ್‌ಮೆಂಟಿನಂತೆ ಎರಡೆರಡು ಸಲ ಓದಿ ಹೇಳಿದರು.

ಮೊದಲ ತಕರಾರು ಕೊರಳಿನದು. ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಎಂಟನೆಯ ವರ್ಷದಿಂದ ಅದು ಅವರ ಮೈಯಿಂದ ಒಂದು ಗಳಿಗೆ ದೂರವಾಗಿಲ್ಲ. ಮೂರು ಹೆರಿಗೆ, ಒಂದು ಕಣ್ಣಿನ ಆಪರೇಷನ್, ಎಲ್ಲದರಲ್ಲೂ ಜೊತೆಗಿತ್ತು. ನಾನು ಸೆಂಟರಿಗೆ ಫೋನ್ ಮಾಡಿ ಕೇಳಿದೆ. ಬೆಳ್ಳಿ ಗಿಳ್ಳಿ ಒಳಗೆ ಬರುವಂತಿಲ್ಲ ಎಂದಳು ಆ ಹುಡುಗಿ.

"ಲಿಂಗ ಹೊರಗ ಕುಂದ್ರಬೇಕಂದ್ರ ನಾನೂ ಹೊರಗ ಕುಂದರ್ತೀನಿ. ಎದಿ ಒಂದ ಒಳಗ ಹೋಗಿ ಬರಲಿ," ಎಂದರು ಅತ್ತೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ದಿನ ಯೋಚಿಸಿ ಅತ್ತೆಯೇ ದಾರಿ ಕಂಡುಹಿಡಿದರು. ಲಿಂಗ ಕೊರಳಲ್ಲೇ ಇರಬೇಕೆಂದೇನೂ ಇಲ್ಲ, ತಲೆಯ ಮೇಲೂ ಧರಿಸಬಹುದು, ಹಿಂದಿನವರು ಧರಿಸುತ್ತಿದ್ದರು. ಕರಡಿಗೆ ಮನೆಯಲ್ಲಿ ಬಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಗಂಡ ಹಾಳೆಯಲ್ಲಿ ಅದಕ್ಕೂ ಐದು ನಿಮಿಷ ಹಾಕಿದರು.

ಎರಡನೆಯ ತಕರಾರು, ಒಳಗೆ ಏನು ಮಾಡುತ್ತಾರೆ ಎನ್ನುವುದು. ಮೇಲಿನ ಮನೆಯ ತೆಲುಗಿನಾಕೆ ಹೋದ ವರ್ಷ ಮಾಡಿಸಿಕೊಂಡಿದ್ದರು. ಅವರನ್ನು ಕರೆದು ಚಹಾ ಕೊಟ್ಟು ಕೇಳಿದೆವು. "ಏಂ ಲೇದಂಡಿ, ಚಪಾತಿ ಒತ್ತಿನಟ್ಟು ಒತ್ತುತಾರು, ಅಂತೇ," ಎಂದು ಅವರು ಎರಡು ಅಂಗೈ ಸೇರಿಸಿ ಒತ್ತಿ ತೋರಿಸಿದರು. ಅತ್ತೆ ಒಂದು ನಿಮಿಷ ಆ ಅಂಗೈಗಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಾವು ಬಡಿಯೋ ಮಂದಿ. ಒತ್ತಿಸ್ಕೊಂಡು ರೂಢಿ ಇಲ್ಲ," ಎಂದರು.

ರೂಢಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಮೇರದ ಬಾಗಿಲಿಗೆ ಎದೆ ಒತ್ತಿ, ಗದ್ದ ಮೇಲೆತ್ತಿ, ಒಂದು ಕೈ ಬಾಗಿಲ ಮೇಲಕ್ಕೆ ಚಾಚಿ ಅತ್ತೆ ನಿಲ್ಲುವರು. ನಾನು ಗಡಿಯಾರ ಹಿಡಿದು "ಉಸಿರು ಹಿಡೀರಿ" ಎನ್ನುವೆ. ಅವರು ಹಿಡಿಯುವರು. ನಾಲ್ಕನೆಯ ಸೆಕೆಂಡಿಗೆ ಏನೋ ನೆನಪಾಗಿ, ಹಾಲಿಗೆ ಹೆಪ್ಪು ಹಾಕಿದೆಯಾ ಎಂದು ಕೇಳುವರು. ಮತ್ತೆ ಮೊದಲಿನಿಂದ. ಒಂದು ಸಲ ಹಾಲಿನವನು ಬಾಗಿಲಲ್ಲಿ ನಿಂತು, ಅಲ್ಮೇರ ತಬ್ಬಿಕೊಂಡ ಮುದುಕಿಯನ್ನೂ ಕೈಗಡಿಯಾರ ಹಿಡಿದ ಸೊಸೆಯನ್ನೂ ನೋಡಿ, ಹಾಲು ಹೊಸ್ತಿಲಲ್ಲಿಟ್ಟು ಹೇಳದೆ ಹೋದ. ನಾನು ನಕ್ಕು ನಕ್ಕು ನೆಲದ ಮೇಲೆ ಕುಳಿತೆ. ಆಗ ಅತ್ತೆ, "ಈಗ ನೀ ನಿಂದ್ರು," ಎಂದರು. ನನ್ನ ನಗು ಅಲ್ಲಿಗೆ ನಿಂತಿತು. ನನಗೆ ಅಭ್ಯಾಸ ಬೇಕಿಲ್ಲ, ನಾನು ಓದಿದವಳು ಎಂದೆ.

ಇನ್ನು ಪೌಡರು. ಹೈದರಾಬಾದಿನ ಬೇಸಿಗೆಯಲ್ಲಿ ಅತ್ತೆ ಬೆವರುಸಾಲೆಯ ಪೌಡರನ್ನು ಮೈಗೆ ಹಚ್ಚುವುದಿಲ್ಲ, ಸುರಿದುಕೊಳ್ಳುತ್ತಾರೆ. ಅವರು ಕೂತೆದ್ದ ಕುರ್ಚಿಯ ಮೇಲೆ ಬಿಳಿ ಗುರುತು ಇರುತ್ತದೆ. ನಂಬುವ ಹಾಗಿರಲಿಲ್ಲ. ಬುಧವಾರ ಸಂಜೆಯೇ ಮನೆಯಲ್ಲಿದ್ದ ಎರಡು ಪೌಡರ್ ಡಬ್ಬಿ, ಗಂಡನ ಸೆಂಟಿನ ಬಾಟಲಿ, ಎಲ್ಲವನ್ನೂ ಅಲ್ಮೇರದಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ಗಂಡ ತಮ್ಮ ಸೆಂಟು ಯಾವ ಅಪರಾಧ ಮಾಡಿತೆಂದು ಕೇಳಿದರು. ಗಾಳಿಯಲ್ಲಿ ಹಾರಿ ಬಂದು ಕೂತರೆ ಎಂದೆ. ಆ ದಿನ ನನಗೆ ಯಾರ ಮೇಲೂ ವಿಶ್ವಾಸವಿರಲಿಲ್ಲ.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಟವೆಲಿನಿಂದ ಮೈಯನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜಿಕೊಂಡು, ಸೋಪಿನ ವಾಸನೆಯೂ ಇಲ್ಲದಂತೆ ತಯಾರಾದೆ. ಅತ್ತೆ ಲಿಂಗಪೂಜೆ ಮುಗಿಸಿ ಎದ್ದರು. ದಿನಾ ಪೂಜೆಯಾದ ಮೇಲೆ ನನ್ನ ಹಣೆಗೆ ವಿಭೂತಿ ಹಚ್ಚುವುದು ಅವರ ಪದ್ಧತಿ. ಅಂದು ಹಣೆಗೆ ಹಚ್ಚಿದ ಮೇಲೂ ಕೈ ಹಿಂದೆ ತೆಗೆಯಲಿಲ್ಲ. "ಕುಪ್ಪಸದ ಗುಂಡಿ ಬಿಚ್ಚು," ಎಂದರು. ವಿಭೂತಿಯ ಗಟ್ಟಿಯನ್ನು ಒದ್ದೆ ಬೆರಳಿನಿಂದ ತೀಡಿ, ಎದೆಯ ಎರಡೂ ಕಡೆ ಮೂರು ಮೂರು ಬೆರಳು ಎಳೆದರು. ಕಂಕುಳಿಗೂ ಎಳೆದರು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ಕೇಳಿಸಲಿಲ್ಲ. ಮಗುವಾಗಿದ್ದಾಗ ಜ್ವರ ಬಂದರೆ ಅವ್ವ ಹೀಗೆಯೇ ಹಚ್ಚುತ್ತಿದ್ದಳು. ಗುಂಡಿ ಹಾಕಿಕೊಂಡು ಸುಮ್ಮನೆ ಚಪ್ಪಲಿ ಮೆಟ್ಟಿದೆ.

ಆಟೋ ಏಳು ನಲವತ್ತೆರಡಕ್ಕೆ ಬಂತು. ಗಂಡ ಎರಡು ನಿಮಿಷ ಲೇಟೆಂದು ಗಡಿಯಾರ ತೋರಿಸಿ ನಮ್ಮನ್ನು ಕಳಿಸಿ ಕಚೇರಿಗೆ ಹೋದರು.

ಸೆಂಟರಿನಲ್ಲಿ ಮೊದಲು ನನ್ನನ್ನೇ ಕರೆದರು. ಮಿಷನ್ ಹತ್ತಿರವಿದ್ದಾಕೆ ಮೂವತ್ತರ ಆಸುಪಾಸಿನ ತೆಲುಗು ಹೆಂಗಸು, ಮಾತು ಮೃದು, ಕೈ ಐಸು. ಗಾಜಿನಂಥ ಪಾರದರ್ಶಕ ಹಲಗೆ ಮೇಲಿನಿಂದ ಇಳಿದು ಒತ್ತಿತು. ಮೇಲಿನ ಮನೆಯಾಕೆ ಚಪಾತಿ ಎಂದದ್ದು ಮರ್ಯಾದೆಗೆ ಹೇಳಿದ ಮಾತು. ಉಸಿರು ಹಿಡಿ ಎಂದಾಗ ಹಿಡಿದೆ, ಬಿಡು ಎಂದರೂ ಬಿಡಲು ಮರೆತೆ. ನಾಲ್ಕು ಫೋಟೋ ಆದವು. ಆಕೆ ಪರದೆ ನೋಡಿದಳು. ಮತ್ತೆ ನೋಡಿದಳು. "ಒಕ್ಕ ನಿಮಿಷಂ ಮೇಡಂ," ಎಂದು ಹೊರಗೆ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದಳು. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿದರು. ನನಗೆ ಕೇಳಿಸಿದ್ದು ಒಂದೇ ಮಾತು, ತೆಲ್ಲ ಚುಕ್ಕಲು. ಬಿಳಿ ಚುಕ್ಕೆಗಳು.

ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ನನಗೂ ಬಂತು ಎಂದುಕೊಂಡೆ. ನಾಲ್ಕು ಸಲ ತಪ್ಪಿಸಿದ್ದಕ್ಕೆ ಇದೇ ಶಿಕ್ಷೆ ಎಂದುಕೊಂಡೆ. ಅವ್ವನ ಕೊನೆಯ ದಿನಗಳ ವಾಸನೆ ಮೂಗಿಗೆ ಬಂತು.

"ಪೌಡರ್ ರಾಸಾರಾ ಮೇಡಂ?" ಎಂದು ಮಿಷನ್ನಿನಾಕೆ ಕೇಳಿದಳು, ಹಚ್ಚಿದ್ದೀರಾ ಎಂದು.

ಅಷ್ಟು ದುಃಖದಲ್ಲೂ ನನಗೆ ಸಿಟ್ಟು ಬಂತು. ಪೌಡರಂತೆ! ಪರ್ಸಿನಿಂದ ಅಲ್ಮೇರದ ಕೀಲಿ ತೆಗೆದು ತೋರಿಸಿದೆ. ಎರಡು ಡಬ್ಬಿಗೂ ಬೀಗ ಹಾಕಿ ಬಂದಿದ್ದೇನೆ, ಗಂಡನ ಸೆಂಟಿಗೂ ಹಾಕಿದ್ದೇನೆ ಎಂದು ತೆಲುಗಿನಲ್ಲಿ, ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲಿ ಹೇಳಿದೆ. ಆಕೆ ಮಿಷನ್ನಿನ ಹಲಗೆಯ ಮೇಲೆ ಬೆರಳು ಎಳೆದು ನನ್ನ ಮುಂದೆ ಹಿಡಿದಳು. ಬೆರಳ ತುದಿ ಬೆಳ್ಳಗಿತ್ತು.

"ಮರಿ ಇದೇಂಟಿ?"

"ಅದಾ? ಅದು ವಿಭೂತಿ."

"ಪೌಡರೇ ಕದಾ ಮೇಡಂ ಅದಿ?"

"ಪೌಡರ್ ಹೇಗಾಗುತ್ತದೆ? ವಿಭೂತಿ ಅದು!"

ಬಾಯಿಂದ ಮಾತು ಹೊರಬಿದ್ದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಶಂಖದಿಂದ ಬಂದರೇ ತೀರ್ಥ, ಡಬ್ಬಿಯಿಂದ ಬಂದರೇ ಪೌಡರು ಎಂದು ತಿಳಿದ ಓದಿದ ಹೆಂಗಸು ನಾನು. ಬೂದಿಯನ್ನು ಬೂದಿಯೆಂದು ಐವತ್ತೊಂದು ವರ್ಷ ನಾನು ಒಮ್ಮೆಯೂ ನೋಡಿರಲಿಲ್ಲ. ಡಾಕ್ಟರಮ್ಮ ನಗು ತಡೆದುಕೊಂಡು, ಚುಕ್ಕೆಗಳು ಅದರವೇ ಇರಬಹುದು, ಇಲ್ಲದೆಯೂ ಇರಬಹುದು, ಚೆನ್ನಾಗಿ ತೊಳೆದುಕೊಂಡು ಬನ್ನಿ, ಇನ್ನೊಮ್ಮೆ ತೆಗೆಯೋಣ ಎಂದರು. ಇಲ್ಲದೆಯೂ ಇರಬಹುದು ಎಂಬ ಮಾತು ಎದೆಯಲ್ಲಿ ಕಲ್ಲಿನಂತೆ ಕುಳಿತಿತು.

ಗೆರೆಗಳು ಬೆವರಿಗೆ ಹರಡಿ ಕಾಣದಂತಾಗಿದ್ದವು, ಎಲ್ಲೆಲ್ಲಿ ಹಚ್ಚಿದ್ದೆಂದು ಹಚ್ಚಿದವರಿಗೇ ಗೊತ್ತು. ಅತ್ತೆಯನ್ನು ಕರೆಸಿ, ಇಬ್ಬರೂ ಪಕ್ಕದ ಚಿಕ್ಕ ಬಾತ್‌ರೂಮಿಗೆ ಹೋದೆವು. ಅವರು ನಲ್ಲಿಯ ಕೆಳಗೆ ಟವೆಲ್ ತೋಯಿಸಿ ನನ್ನ ಎದೆ ಒರೆಸತೊಡಗಿದರು. ನಾನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಸಾವಿರ ಸಲ ಓದಿ ಹೇಳಿದರೂ ತಲೆಗೆ ಹೋಗಲಿಲ್ಲವೇ, ಹಣೆಗಷ್ಟೇ ಹಚ್ಚಿದ್ದರೆ ದೇವರಿಗೆ ಸಾಲುತ್ತಿರಲಿಲ್ಲವೇ, ನನ್ನ ಜೀವ ಬಾಯಿಗೆ ಬಂತಲ್ಲ ಎಂದೆ. ಎಡಗಡೆ ಒರೆಸುತ್ತಿದ್ದ ಕೈ ನಿಂತಿತು.

"ಇಲ್ಲೇ ಇತ್ತು," ಎಂದರು.

"ಏನು?"

"ನಿಮ್ಮವ್ವಂದು."

ನಲ್ಲಿ ಹರಿಯುತ್ತಲೇ ಇತ್ತು. ಅತ್ತೆ ನನ್ನ ಮುಖ ನೋಡದೆ ಟವೆಲನ್ನು ನೋಡುತ್ತ ಹೇಳಿದರು.

"ಹಿಂಗ ಬಚ್ಚಲದಾಗ ನಿಂತ ತೋರಿಸಿದ್ಲು. ಕಡ್ಲಿಕಾಳಿನಷ್ಟಿತ್ತು. ಲಿಂಗದ ಮ್ಯಾಲ ಕೈ ಇಡಿಸಿ ಆಣಿ ತಗೊಂಡ್ಲು, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ. ಮಗಳ ಪರೀಕ್ಷಾ ಮುಗೀಲಿ ಅಂದ್ಲು. ಮುಗೀತು. ದೀಪಾವಳಿ ಆಗಲಿ ಅಂದ್ಲು. ಆತು. ನಿಮ್ಮಪ್ಪಗ ವರ್ಗ ಆಗೂದೈತಿ, ಆದಮ್ಯಾಲ ನೋಡೂಣು ಅಂದ್ಲು. ಒಂಬತ್ತು ತಿಂಗಳು. ಆಣಿ ಉಳಿಸ್ಕೊಂಡೆ ಯವ್ವಾ, ಆಕಿನ್ನ ಉಳಿಸ್ಕೊಳ್ಳಲಿಲ್ಲ."

ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಈ ಹೆಂಗಸಿನ ಜೊತೆ ನಿಂತಿದ್ದೇನೆ. ಯಾರಿಗೂ ಗೊತ್ತಿರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದವರಲ್ಲಿ ಇವರೂ ಒಬ್ಬರು. ನನಗೆ ಬಂದ ಸಿಟ್ಟನ್ನು ಸಿಟ್ಟು ಎಂದರೆ ಕಡಿಮೆಯಾಗುತ್ತದೆ. ಆದರೆ ಅರ್ಧ ಬಟ್ಟೆಯಲ್ಲಿ, ಎದೆಯಿಂದ ನೀರು ಸೋರಿಸುತ್ತ, ಎರಡಡಿ ಜಾಗದಲ್ಲಿ ನಿಂತು ಯಾರ ಮೇಲಾದರೂ ಹೇಗೆ ಕೂಗುವುದು? ಹೊರಗಿನಿಂದ ಬಾಗಿಲು ತಟ್ಟಿ, "ಅಯ್ಯಿಂದಾ ಅಮ್ಮಾ?" ಆಯಿತೇ ಎಂದರು. ಅತ್ತೆ ಬಗ್ಗಿ ನನ್ನ ಕಂಕುಳನ್ನು ಇನ್ನೊಮ್ಮೆ ಒರೆಸಿದರು, ಎರಡೂ ಕಡೆ, ಉಜ್ಜಿ ಉಜ್ಜಿ.

ಎರಡನೆಯ ಸಲ ಮಿಷನ್ ಒತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಡಾಕ್ಟರಮ್ಮ ಪರದೆಗೆ ಮುಖ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಚುಕ್ಕೆಗಳು ಹೋಗಿವೆ, ಬೇರೆ ಏನೂ ಇಲ್ಲ, ಆದರೆ ತಾಯಿಗೆ ಇದ್ದದ್ದರಿಂದ ನೀವು ಪ್ರತಿವರ್ಷ ಬರಬೇಕು ಎಂದರು. ತಾಯಿಗೆ ಇತ್ತೆಂದು ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅಪಾಯಿಂಟ್‌ಮೆಂಟ್ ಮಾಡಿಸುವಾಗಲೇ ಅತ್ತೆ ಹೇಳಿ ಬರೆಸಿದ್ದರಂತೆ.

ಆಮೇಲೆ ಅತ್ತೆಯ ಸರದಿ. ನಾನು ಬಾಗಿಲ ಹೊರಗೆ ಕುಳಿತೆ. ಒಳಗಿನಿಂದ ಆ ಟೆಕ್ನೀಷಿಯನ್, "ತಲಮೀದ ಏಮಿಟಿ ಅಮ್ಮಾ ಅದಿ?" ಎಂದು ತಲೆಯ ಮೇಲಿನ ವಸ್ತ್ರದ ಬಗ್ಗೆ ಕೇಳಿದ್ದು, ಅತ್ತೆ "ಶಿವ," ಎಂದದ್ದು ಕೇಳಿಸಿತು. ಉಸಿರು ಹಿಡಿಯಿರಿ ಎಂದಾಗ ಅವರು ಚೆನ್ನಾಗಿ ಹಿಡಿದರಂತೆ, ಟೆಕ್ನೀಷಿಯನ್ ಹೊಗಳಿದಳು. ಅವರದೂ ಏನೂ ಇರಲಿಲ್ಲ. ಹೊರಗೆ ಬಂದು ಕುಪ್ಪಸ ಸರಿಮಾಡಿಕೊಳ್ಳುತ್ತ, ಇಷ್ಟಕ್ಕೇ ಇಷ್ಟು ವರ್ಷ ಹೆದರಿದೆಯಾ ಎಂಬಂತೆ ನನ್ನನ್ನು ನೋಡಿದರು. ನಾನು ಮುಖ ತಿರುಗಿಸಿದೆ.

ಗಂಡನಿಗೆ ಫೋನ್ ಮಾಡಿ ಇಬ್ಬರದೂ ಸರಿಯಿದೆ ಎಂದೆ. ಹನ್ನೊಂದೂಕಾಲಿಗೆ ಮನೆ ತಲುಪಬೇಕಿತ್ತು, ಎಲ್ಲಿದ್ದೀರಿ ಎಂದರು. ಆಮೇಲೆ, ಎಷ್ಟು ಲೇಟಾದರೂ ಆಗಲಿ, ನಿಧಾನ ಬನ್ನಿ ಎಂದು ಫೋನ್ ಇಟ್ಟರು.

ಆಟೋದಲ್ಲಿ ನಾವಿಬ್ಬರು ಆಚೆ ಈಚೆ ತುದಿಗೆ ಕುಳಿತಿದ್ದೆವು. ಬಿಸಿಲು ಏರಿತ್ತು. ಅತ್ತೆಯ ಕೊರಳು ಬೆವರಿ ಕೆಂಪಾಗಿತ್ತು, ಕೆರೆದುಕೊಳ್ಳುತ್ತಿದ್ದರು. ರೈಲ್ವೆ ಗೇಟಿನ ಹತ್ತಿರ ಟ್ರಾಫಿಕ್ ನಿಂತಿತು. ಡ್ರೈವರ್ ಇಂಜಿನ್ ಬಂದ್ ಮಾಡಿದ.

"ಸಿಟ್ಟು ಬಂದೈತೇನು?" ಎಂದರು ಅತ್ತೆ.

"ಬಂದೈತ್ರಿ."

"ಭಾಳ?"

"ಭಾಳ. ಸಾಯೂತನಾ ಹೋಗಂಗಿಲ್ಲ ಇದು."

ಅವರು ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಕಣ್ಣು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟರು.

"ಹೋಗೂದು ಬ್ಯಾಡ. ಎಂಬತ್ತು ವರ್ಷ ಬದುಕು, ದಿನಾ ಎದ್ದು ನನ್ನ ಬೈ. ನೀ ಇದ್ದು ಬೈಯಾಕತ್ತೀಯಲ್ಲಾ, ನನಗ ಅಷ್ಟ ಸಾಕು."